ಒಂದು ಮಾಡೆಲ್‌ನಿಂದ ಇನ್ನೊಂದಕ್ಕೆ ಅಂಕಿ ಸಾಗಿಸುವ ಕೆಲಸ: ಎಸ್‌ಎಪಿ ಅನಾಲಿಟಿಕ್ಸ್ ಕ್ಲೌಡ್‌ನ ಕ್ರಾಸ್-ಮಾಡೆಲ್ ಕಾಪಿ

ಕಂಪನಿಯ ಬಜೆಟ್ ಒಂದೇ ಕಡೆ ತಯಾರಾಗುವುದಿಲ್ಲ. ಎಷ್ಟು ಮಾಲು ಮಾರಾಟವಾಗಬಹುದೆಂಬ ಅಂದಾಜು ಮಾರಾಟ ವಿಭಾಗದಲ್ಲಿ, ಎಷ್ಟು ಜನ ಬೇಕು ಮತ್ತು ಅವರ ಸಂಬಳವೆಷ್ಟು ಎಂಬ ಲೆಕ್ಕ ಮಾನವ ಸಂಪನ್ಮೂಲ ವಿಭಾಗದಲ್ಲಿ, ಯಂತ್ರ-ಕಟ್ಟಡಗಳ ಮೇಲಿನ ಹೂಡಿಕೆಯ ಯೋಜನೆ ಮತ್ತೊಂದು ಕಡೆ ಸಿದ್ಧವಾಗಿ, ಕೊನೆಯಲ್ಲಿ ಎಲ್ಲವೂ ಹಣಕಾಸು ವಿಭಾಗದ ಲಾಭ-ನಷ್ಟ ಪಟ್ಟಿಗೆ ಬಂದು ಸೇರಬೇಕು. ಈ ಸೇರಿಸುವ ಕೆಲಸವನ್ನು ಹಲವು ಕಡೆ ಇಂದಿಗೂ ಎಕ್ಸೆಲ್ ಹಾಳೆಗಳ ನಡುವೆ ಕಾಪಿ-ಪೇಸ್ಟ್ ಮಾಡಿ ಮುಗಿಸುತ್ತಾರೆ. ಯೋಜನೆಗೆಂದೇ ಮಾಡಿದ ತಂತ್ರಾಂಶ ಕೊಂಡ ಮೇಲೂ, ಒಂದು ಮಾಡೆಲ್‌ನ (ಒಂದು ವಿಷಯದ ಅಂಕಿಗಳನ್ನೆಲ್ಲ ಜೋಡಿಸಿಟ್ಟ ಚೌಕಟ್ಟಿನ) ಅಂಕಿ ಇನ್ನೊಂದು ಮಾಡೆಲ್‌ಗೆ ಹೇಗೆ ಹೋಗುತ್ತದೆ, ಹೋದದ್ದು ಪೂರ್ತಿಯಾಗಿ ಹೋಯಿತೇ ಎಂಬ ಪ್ರಶ್ನೆ ಹಾಗೆಯೇ ಉಳಿದಿರುತ್ತದೆ. ಅಂಥ ತಂತ್ರಾಂಶವನ್ನು ಅಳೆಯಲು ಬಣ್ಣದ ಚಾರ್ಟುಗಳಿಗಿಂತ ಈ ಪ್ರಶ್ನೆಯೇ ಒಳ್ಳೆಯ ಒರೆಗಲ್ಲು ಎಂದು ನಂಬಿರುವುದರಿಂದ, ಎಸ್‌ಎಪಿ ಎಂಬ ತಂತ್ರಾಂಶ ಕಂಪನಿಯ ಎಸ್‌ಎಪಿ ಅನಾಲಿಟಿಕ್ಸ್ ಕ್ಲೌಡ್‌ನಲ್ಲಿ ಈ ಕೆಲಸಕ್ಕೆಂದೇ ಇರುವ ಕ್ರಾಸ್-ಮಾಡೆಲ್ ಕಾಪಿ ಎಂಬ ಸೌಲಭ್ಯವನ್ನಷ್ಟೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ.

ಈ ತಂತ್ರಾಂಶ 2015ರಲ್ಲಿ ಬೇರೆ ಹೆಸರಿನಲ್ಲಿ ಹೊರಬಂದು, ಹೆಸರು ಬದಲಿಸಿಕೊಂಡು ಈಗಿನ ರೂಪಕ್ಕೆ ಬಂದಿದೆ. ವರದಿ, ವಿಶ್ಲೇಷಣೆ, ಯೋಜನೆ ಮೂರನ್ನೂ ಒಂದೇ ಕಡೆ ಕೊಡುವುದು ಅದರ ಉದ್ದೇಶ. 1998ರಿಂದ ಬೆಂಗಳೂರಿನಲ್ಲಿ ಎಸ್‌ಎಪಿ ಲ್ಯಾಬ್ಸ್ ಇದೆ. ಈ ತಂತ್ರಾಂಶವನ್ನು ಅಳವಡಿಸಿಕೊಡುವ ಸಲಹೆಗಾರರ ದೊಡ್ಡ ಸಮುದಾಯವೂ ಇದೇ ಊರಿನಲ್ಲಿದೆ. ಹಾಗಿದ್ದೂ ಈ ವಿಷಯದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರ ಕಡಿಮೆ. ಆದ್ದರಿಂದ ಕೆಲವು ಮೂಲ ಸಂಗತಿಗಳನ್ನೂ ಜೊತೆಗೇ ಹೇಳುತ್ತ ಹೋಗುತ್ತೇನೆ.

ಇಲ್ಲಿ ಅಂಕಿಗಳ ಮೇಲೆ ನಡೆಸುವ ಕೆಲಸಗಳನ್ನು ಡೇಟಾ ಆಕ್ಷನ್ ಎಂಬ ಚೌಕಟ್ಟಿನಲ್ಲಿ ಜೋಡಿಸುತ್ತಾರೆ. ಒಂದು ಡೇಟಾ ಆಕ್ಷನ್‌ನಲ್ಲಿ ಹಲವು ಹಂತಗಳಿರಬಹುದು. ಒಂದೇ ಮಾಡೆಲ್‌ನ ಒಳಗೆ ಕಾಪಿ ಮಾಡುವುದು ಒಂದು ಬಗೆಯ ಹಂತವಾದರೆ, ಖರ್ಚನ್ನು ವಿಭಾಗಗಳಿಗೆ ಹಂಚುವುದು, ಕರೆನ್ಸಿ ಪರಿವರ್ತಿಸುವುದು, ಅಡ್ವಾನ್ಸ್ಡ್ ಫಾರ್ಮುಲಾ ಎಂಬ ಸಣ್ಣ ಭಾಷೆಯಲ್ಲಿ ಲೆಕ್ಕ ಬರೆಯುವುದು ಇತರ ಬಗೆಗಳು. ಕ್ರಾಸ್-ಮಾಡೆಲ್ ಕಾಪಿಯೂ ಇಂಥದ್ದೇ ಒಂದು ಹಂತ. ಡೇಟಾ ಆಕ್ಷನ್ ಯಾವ ಮಾಡೆಲ್‌ಗೆ ಸೇರಿದೆಯೋ ಅದೇ ಗುರಿ ಮಾಡೆಲ್. ಅಲ್ಲಿ ನಿಂತು, ಯಾವ ಮೂಲ ಮಾಡೆಲ್‌ನಿಂದ, ಯಾವ ಭಾಗವನ್ನು, ಯಾವ ಡೈಮೆನ್ಷನ್‌ನಿಂದ ಯಾವ ಡೈಮೆನ್ಷನ್‌ಗೆ ತರಬೇಕೆಂದು ಹೇಳುತ್ತೇವೆ. ಡೈಮೆನ್ಷನ್ ಎಂದರೆ ಖಾತೆ, ತಿಂಗಳು, ಉತ್ಪನ್ನ ಎಂದು ಅಂಕಿಯನ್ನು ವಿಂಗಡಿಸುವ ಅಂಶ; ಅದರಡಿ ಬರುವ ಒಂದೊಂದು ಹೆಸರೂ ಅದರ ಸದಸ್ಯ. ಅಂಕಿ ತಂದುಕೊಳ್ಳುವವರು ಗುರಿ ಮಾಡೆಲ್‌ನವರು, ಮೂಲದವರು ತಳ್ಳುವುದಿಲ್ಲ ಎಂಬುದನ್ನು ಮೊದಲೇ ಮನದಟ್ಟು ಮಾಡಿಕೊಂಡರೆ ಮುಂದಿನ ಎಷ್ಟೋ ಗೊಂದಲ ತಪ್ಪುತ್ತದೆ. ಹಣಕಾಸಿನವರಿಗೆ ಏನು ಬೇಕೋ ಅದನ್ನು ಅವರೇ ನಿರ್ಧರಿಸಿ ತರಿಸಿಕೊಳ್ಳುವ ಈ ವ್ಯವಸ್ಥೆ ನನಗೆ ಸರಿಯೆನಿಸುತ್ತದೆ, ಏಕೆಂದರೆ ಕೊನೆಗೆ ಆ ಅಂಕಿಗೆ ಉತ್ತರ ಹೇಳಬೇಕಾದವರು ಅವರೇ.

ಎಲ್ಲವನ್ನೂ ಒಂದೇ ದೊಡ್ಡ ಮಾಡೆಲ್‌ನಲ್ಲಿ ಇಟ್ಟುಬಿಟ್ಟರೆ ಈ ಸಾಗಾಟವೇ ಬೇಡವಲ್ಲ ಎಂದು ಹೊಸಬರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಸಂಬಳದ ಯೋಜನೆಗೆ ನೌಕರ, ಹುದ್ದೆ, ದರ್ಜೆ ಎಂಬ ಡೈಮೆನ್ಷನ್‌ಗಳು ಬೇಕು, ಮಾರಾಟದ ಯೋಜನೆಗೆ ಗ್ರಾಹಕ, ಉತ್ಪನ್ನ, ಪ್ರದೇಶ ಬೇಕು. ಲಾಭ-ನಷ್ಟ ಪಟ್ಟಿಗೆ ಇವು ಯಾವುವೂ ಬೇಕಿಲ್ಲ, ಖಾತೆ ಮತ್ತು ಕಾಸ್ಟ್ ಸೆಂಟರ್ (ಖರ್ಚನ್ನು ಲೆಕ್ಕ ಹಾಕುವ ಘಟಕ) ಇದ್ದರೆ ಸಾಕು. ಎಲ್ಲವನ್ನೂ ಒಟ್ಟಿಗೆ ತುರುಕಿದರೆ ಮಾರಾಟದ ಸಾಲುಗಳಲ್ಲಿ ನೌಕರನ ಜಾಗ ಖಾಲಿ, ಸಂಬಳದ ಸಾಲುಗಳಲ್ಲಿ ಗ್ರಾಹಕನ ಜಾಗ ಖಾಲಿ. ಮಾಡೆಲ್ ಭಾರವಾಗುವುದಲ್ಲದೆ, ತೆರೆದು ನೋಡುವವನಿಗೆ ತಲೆಬುಡ ತಿಳಿಯುವುದಿಲ್ಲ. ಇದಕ್ಕಿಂತ ಮುಖ್ಯವಾದ ಕಾರಣ ಗೋಪ್ಯತೆ. ಯಾರಿಗೆ ಎಷ್ಟು ಸಂಬಳ ಎಂಬುದು ಬೆರಳೆಣಿಕೆಯ ಜನರಿಗಷ್ಟೇ ಗೊತ್ತಿರಬೇಕಾದ ವಿಷಯ. ಅದನ್ನು ಬೇರೆ ಮಾಡೆಲ್‌ನಲ್ಲಿಟ್ಟು, ಒಟ್ಟು ಮೊತ್ತವನ್ನಷ್ಟೇ ಹಣಕಾಸಿನ ಮಾಡೆಲ್‌ಗೆ ಕಳಿಸುವುದು ಎಲ್ಲ ಬಗೆಯ ಅನುಮತಿ-ನಿರ್ಬಂಧಗಳಿಗಿಂತ ಗಟ್ಟಿಯಾದ ರಕ್ಷಣೆ.

ಸಂಬಳದ ಉದಾಹರಣೆಯನ್ನೇ ಹತ್ತಿರದಿಂದ ನೋಡೋಣ. ಒಂದು ಕಾಸ್ಟ್ ಸೆಂಟರ್, ಅದರ ಸಂಕೇತ 210 ಎಂದಿಟ್ಟುಕೊಳ್ಳಿ. ಅಲ್ಲಿ ಮೂವರು ನೌಕರರು, ತಿಂಗಳ ಮೂಲ ವೇತನ ಕ್ರಮವಾಗಿ 60,000, 45,000 ಮತ್ತು 75,000 ರೂಪಾಯಿ. ಪೂರ್ತಿ ಮೂಲ ವೇತನದ ಮೇಲೆ ಕಂಪನಿ 12% ಭವಿಷ್ಯ ನಿಧಿ ಕಟ್ಟುತ್ತದೆ, ಗ್ರಾಚ್ಯುಟಿಗೆಂದು 4.81% ತೆಗೆದಿಡುತ್ತದೆ. ವರ್ಷಕ್ಕೆ ಹದಿನೈದು ದಿನದ ವೇತನವನ್ನು 26 ದಿನದ ತಿಂಗಳಿಗೆ ಲೆಕ್ಕ ಹಾಕಿ ಹನ್ನೆರಡು ತಿಂಗಳಿಗೆ ಹಂಚಿದರೆ ಬರುವ ಪ್ರಮಾಣ ಅದು. ಮಾನವ ಸಂಪನ್ಮೂಲ ಮಾಡೆಲ್‌ನಲ್ಲಿ ಜೂನ್ ತಿಂಗಳಿಗೆ ಈ ಮೂವರ ಹೆಸರಿನಲ್ಲಿ ತಲಾ ಮೂರರಂತೆ ಒಂಬತ್ತು ಸಾಲುಗಳಿರುತ್ತವೆ. ಹಣಕಾಸಿನ ಮಾಡೆಲ್‌ನಲ್ಲಿ ನೌಕರ ಎಂಬ ಡೈಮೆನ್ಷನ್ನೇ ಇಲ್ಲ. ಮ್ಯಾಪಿಂಗ್ ಮಾಡುವಾಗ, ಅಂದರೆ ಮೂಲದ ಯಾವುದು ಗುರಿಯ ಯಾವುದಕ್ಕೆ ಎಂದು ಹೇಳುವಾಗ, ನೌಕರನನ್ನು ಯಾವುದಕ್ಕೂ ಜೋಡಿಸದೆ ಬಿಟ್ಟರೆ, ಆ ಡೈಮೆನ್ಷನ್ ಉದ್ದಕ್ಕೂ ಅಂಕಿಗಳು ತಾವಾಗಿ ಕೂಡಿಕೊಳ್ಳುತ್ತವೆ. ಹೀಗೆ ಒಂಬತ್ತು ಸಾಲು ಮೂರಾಗಿ, ಸಂಬಳ 1,80,000, ಭವಿಷ್ಯ ನಿಧಿ 21,600, ಗ್ರಾಚ್ಯುಟಿ 8,658, ಒಟ್ಟು 2,10,258 ರೂಪಾಯಿ ಕಾಸ್ಟ್ ಸೆಂಟರ್ 210ರ ಹೆಸರಿನಲ್ಲಿ ಹೋಗಿ ಕೂರುತ್ತದೆ. ಯಾರ ಸಂಬಳ ಎಷ್ಟೆಂಬುದು ಆಚೆ ಕಡೆಗೆ ದಾಟುವುದೇ ಇಲ್ಲ.

ಇದರ ವಿರುದ್ಧ ದಿಕ್ಕಿನ ಪರಿಸ್ಥಿತಿಯೂ ಇದೆ. ಹಣಕಾಸಿನ ಮಾಡೆಲ್‌ನಲ್ಲಿ ಇದ್ದು ಮೂಲದಲ್ಲಿ ಇಲ್ಲದ ಡೈಮೆನ್ಷನ್‌ಗೆ, ಉದಾಹರಣೆಗೆ ಪ್ರಾಫಿಟ್ ಸೆಂಟರ್‌ಗೆ (ಲಾಭವನ್ನು ಲೆಕ್ಕ ಹಾಕುವ ಘಟಕ), ಯಾವುದಾದರೂ ಒಂದು ಸದಸ್ಯವನ್ನು ನಾವೇ ಗೊತ್ತುಪಡಿಸಬೇಕು. ಸಾಮಾನ್ಯವಾಗಿ ಎಲ್ಲರೂ ಹ್ಯಾಷ್ ಚಿಹ್ನೆಯ, ಯಾರಿಗೂ ಸೇರದ ಸದಸ್ಯವನ್ನು ಆರಿಸಿ ಮುಂದೆ ಹೋಗುತ್ತಾರೆ. ಅದು ಅವಸರದ ಆಯ್ಕೆ. ವರ್ಷ ಮುಗಿಯುವ ಹೊತ್ತಿಗೆ ಆ ಹ್ಯಾಷ್‌ನ ಎದುರು ದೊಡ್ಡ ಮೊತ್ತ ಸೇರಿರುತ್ತದೆ, ಅದು ಎಲ್ಲಿಂದ ಬಂತು ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ.

ಇದಕ್ಕೆ ನಾನು ಯಾವಾಗಲೂ ಸೂಚಿಸುವ ಪರಿಹಾರ ಗುರಿ ಮಾಡೆಲ್‌ನಲ್ಲಿ ದತ್ತಾಂಶದ ಮೂಲ ಎಂಬ ಒಂದು ಚಿಕ್ಕ ಡೈಮೆನ್ಷನ್ ಸೇರಿಸುವುದು. ಸಂಬಳದ ಮಾಡೆಲ್‌ನಿಂದ ಬಂದದ್ದು, ಮಾರಾಟದ ಮಾಡೆಲ್‌ನಿಂದ ಬಂದದ್ದು, ಹಣಕಾಸಿನವರು ಕೈಯಿಂದ ತುಂಬಿದ್ದು, ಕೊನೆಯ ಗಳಿಗೆಯ ತಿದ್ದುಪಡಿ, ಹೀಗೆ ನಾಲ್ಕೈದು ಸದಸ್ಯಗಳು ಸಾಕು. ಪ್ರತಿ ಕ್ರಾಸ್-ಮಾಡೆಲ್ ಕಾಪಿಯೂ ತನ್ನ ಸದಸ್ಯದ ಮೇಲೆ ಮಾತ್ರ ಬರೆಯುವಂತೆ ಮಾಡಿದರೆ, ಯಾವ ಅಂಕಿ ಎಲ್ಲಿಂದ ಬಂತೆಂದು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಈ ತಂತ್ರಾಂಶದ ಮಾಡೆಲ್‌ನಲ್ಲಿ ಇಂಥ ಡೈಮೆನ್ಷನ್ ಇರಲೇಬೇಕೆಂಬ ನಿಯಮವಿಲ್ಲ. ಕಡ್ಡಾಯವಿಲ್ಲದ್ದರಿಂದಲೇ ಅವಸರದಲ್ಲಿ ಕಟ್ಟಿದ ಮಾಡೆಲ್‌ಗಳಲ್ಲಿ ಅದು ಕಾಣಸಿಗುವುದಿಲ್ಲ. ಒಮ್ಮೆ ಅಂಕಿ ತುಂಬಿ, ವರದಿಗಳನ್ನೆಲ್ಲ ಕಟ್ಟಿದ ಮೇಲೆ ಸೇರಿಸಲು ಹೋದರೆ ದುಪ್ಪಟ್ಟು ಕೆಲಸ.

ಬರೆಯುವ ರೀತಿಯಲ್ಲಿ ಎರಡು ಆಯ್ಕೆಗಳಿವೆ. ಗುರಿಯಲ್ಲಿ ಈಗಾಗಲೇ ಇರುವ ಅಂಕಿಯನ್ನು ಹೊಸದರಿಂದ ಬದಲಿಸುವುದು ಒಂದು, ಇರುವುದಕ್ಕೆ ಹೊಸದನ್ನು ಕೂಡಿಸುವುದು ಇನ್ನೊಂದು. ಕೂಡಿಸುವ ಆಯ್ಕೆಯನ್ನು ಇಟ್ಟು, ಬಳಕೆದಾರ ಗುಂಡಿಯನ್ನು ಎರಡು ಸಲ ಒತ್ತಿದರೆ ಮೇಲಿನ 1,80,000 ನೇರವಾಗಿ 3,60,000 ಆಗುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಏಕೆಂದರೆ ತಂತ್ರಾಂಶ ಹೇಳಿದ್ದನ್ನೇ ಮಾಡಿದೆ. ಎರಡು ಮೂಲಗಳು ಒಂದೇ ಖಾತೆಗೆ ಬಂದು ಸೇರಬೇಕಾದಲ್ಲಿ ಕೂಡಿಸುವ ಆಯ್ಕೆ ಬೇಕೇ ಬೇಕು ಎಂದು ವಾದಿಸುವವರಿದ್ದಾರೆ. ದತ್ತಾಂಶದ ಮೂಲದ ಡೈಮೆನ್ಷನ್ ಇದ್ದರೆ ಆ ವಾದಕ್ಕೆ ಆಧಾರವಿರುವುದಿಲ್ಲ: ಎರಡೂ ಮೂಲಗಳು ತಮ್ಮ ತಮ್ಮ ಸದಸ್ಯದ ಮೇಲೆ ಬರೆಯುತ್ತವೆ, ಖಾತೆಯ ಮೊತ್ತ ತಾನಾಗಿಯೇ ಕೂಡಿ ಬರುತ್ತದೆ.

ಬದಲಿಸುವ ಆಯ್ಕೆ ಇಟ್ಟಾಗಲೂ ಕಾಪಿಗೆ ಮೊದಲು ಗುರಿಯ ಆ ಭಾಗವನ್ನು ಅಳಿಸುವ ಒಂದು ಹಂತ ಸೇರಿಸುವುದು ನನ್ನ ಪದ್ಧತಿ. ಅಡ್ವಾನ್ಸ್ಡ್ ಫಾರ್ಮುಲಾದಲ್ಲಿ ಡಿಲೀಟ್ ಎಂಬ ಆಜ್ಞೆಯಿಂದ ಇದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಏಕೆ ಬೇಕೆಂದರೆ, ಮೇ ತಿಂಗಳ ಅಂದಾಜಿನಲ್ಲಿ ಇದ್ದ ಒಂದು ಕಾಸ್ಟ್ ಸೆಂಟರ್ ಜೂನ್ ಅಂದಾಜಿನಲ್ಲಿ ಪೂರ್ತಿ ಮುಚ್ಚಿಹೋಗಿರಬಹುದು. ಮೂಲದಲ್ಲಿ ಅದರ ಸಾಲುಗಳೇ ಇಲ್ಲವಾದ ಮೇಲೆ, ಹೋದ ಸಲ ಗುರಿಗೆ ಬಂದ ಅಂಕಿಯ ಗತಿ ಏನೆಂಬ ಅನುಮಾನಕ್ಕೆ ಎಡೆಯೇ ಇರಬಾರದು. ಅಳಿಸಿ ಬರೆದರೆ ಗುರಿಯಲ್ಲಿ ಇರುವುದೆಲ್ಲ ಈ ಸಲ ಬಂದದ್ದು ಎಂಬ ಭರವಸೆ ಸಿಗುತ್ತದೆ. ಅಳಿಸುವ ವ್ಯಾಪ್ತಿಯನ್ನು ಮಾತ್ರ ಕಟ್ಟುನಿಟ್ಟಾಗಿ ಬರೆಯಬೇಕು: ಈ ದತ್ತಾಂಶ ಮೂಲ, ಈ ತಿಂಗಳುಗಳು, ಈ ಖಾತೆಗಳು ಎಂದು. ಕಾಪಿಯ ಫಿಲ್ಟರ್‌ಗೂ ಅಳಿಸುವ ಹಂತಕ್ಕೂ ಒಂದೇ ಪ್ಯಾರಾಮೀಟರ್ (ಓಡಿಸುವಾಗ ಆರಿಸಿ ತುಂಬುವ ಮೌಲ್ಯ) ಕೊಟ್ಟರೆ ಎರಡರ ವ್ಯಾಪ್ತಿ ಒಂದಕ್ಕೊಂದು ತಪ್ಪುವುದಿಲ್ಲ. ಪ್ಯಾರಾಮೀಟರ್‌ಗಳ ವ್ಯವಸ್ಥೆ ಈ ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿದೆ. ಒಂದೇ ಡೇಟಾ ಆಕ್ಷನ್ ಅನ್ನು ಬಜೆಟ್‌ಗೂ, ತ್ರೈಮಾಸಿಕ ಅಂದಾಜಿಗೂ, ಬೇರೆ ಬೇರೆ ತಿಂಗಳುಗಳಿಗೂ ಬಳಸಲು ಅದರಿಂದಲೇ ಸಾಧ್ಯ.

ಈಗ ಮ್ಯಾಪಿಂಗ್‌ನ ವಿಷಯ, ಇಡೀ ಸೌಲಭ್ಯದ ಜೀವಾಳ ಇದೇ. ಕಾಸ್ಟ್ ಸೆಂಟರ್ ಪಟ್ಟಿಯನ್ನು ಎರಡೂ ಮಾಡೆಲ್‌ಗಳು ಬೇರೆ ಬೇರೆಯಾಗಿ ಇಟ್ಟುಕೊಂಡರೆ, ಸದಸ್ಯದ ಸಂಕೇತ ಅಕ್ಷರಶಃ ಒಂದೇ ಆಗಿರಬೇಕು, ಇಲ್ಲವೇ ಯಾವುದು ಯಾವುದಕ್ಕೆ ಎಂದು ಸಾಲು ಸಾಲಾಗಿ ಬರೆದು ಕೊಡಬೇಕು. ಖಾತೆಗಳಿಗೆ ಹೀಗೆ ಬರೆದುಕೊಡುವುದು ಸಹಜ. ಸಂಬಳದ ಮಾಡೆಲ್‌ನ ಮೂಲ ವೇತನ ಎಂಬ ಸದಸ್ಯ ಹಣಕಾಸಿನ 510100 ಎಂಬ ಖಾತೆಗೆ, ಭವಿಷ್ಯ ನಿಧಿ 510200ಕ್ಕೆ ಎಂದು ಹತ್ತು ಹದಿನೈದು ಸಾಲು ಬರೆದರೆ ಮುಗಿಯಿತು. ನೂರಾರು ಕಾಸ್ಟ್ ಸೆಂಟರ್‌ಗಳಿಗೆ ಹಾಗೆ ಬರೆಯುತ್ತ ಕೂರಲಾಗದು. ಮಾನವ ಸಂಪನ್ಮೂಲದವರು 215 ಎಂಬ ಹೊಸ ಕಾಸ್ಟ್ ಸೆಂಟರ್ ತಮ್ಮ ಪಟ್ಟಿಯಲ್ಲಿ ಸೇರಿಸಿ, ಅದು ಹಣಕಾಸಿನ ಪಟ್ಟಿಗೆ ಇನ್ನೂ ಬಂದಿಲ್ಲದಿದ್ದರೆ, ಆ ಮೊತ್ತಕ್ಕೆ ಆಚೆ ಕಡೆ ಕೂರಲು ಜಾಗವಿಲ್ಲ. ಅದು ಲಾಭ-ನಷ್ಟ ಪಟ್ಟಿಗೆ ತಲುಪುವುದಿಲ್ಲ.

ಇದಕ್ಕೆ ತಂತ್ರಾಂಶವೇ ಕೊಟ್ಟಿರುವ ಉತ್ತರ ಪಬ್ಲಿಕ್ ಡೈಮೆನ್ಷನ್. ಒಂದು ಪಟ್ಟಿಯನ್ನು ಮಾಡೆಲ್‌ಗಳಿಂದ ಹೊರಗೆ ಒಂದೇ ಕಡೆ ಇಟ್ಟು, ಎಲ್ಲ ಮಾಡೆಲ್‌ಗಳೂ ಅದನ್ನೇ ಹಂಚಿಕೊಳ್ಳುವ ವ್ಯವಸ್ಥೆ ಅದು. 215 ಎಂಬುದು ಅಲ್ಲಿ ಒಮ್ಮೆ ಸೇರಿತೆಂದರೆ ಎರಡೂ ಕಡೆ ಸೇರಿದಂತೆ, ಸಂಕೇತ ಹೊಂದದೆ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಎರಡು ಮಾಡೆಲ್‌ಗಳ ನಡುವೆ ಅಂಕಿ ಸಾಗಬೇಕಾದಲ್ಲಿ ಕಾಸ್ಟ್ ಸೆಂಟರ್, ಉತ್ಪನ್ನ, ಕಂಪನಿ ಸಂಕೇತಗಳು ಪಬ್ಲಿಕ್ ಡೈಮೆನ್ಷನ್ ಆಗಿಯೇ ಇರಬೇಕೆಂಬುದನ್ನು ಮೊದಲ ದಿನದ ನಿಯಮವನ್ನಾಗಿ ಇಟ್ಟುಕೊಳ್ಳಬೇಕು. ಹಂಚಿದ ಪಟ್ಟಿ ಎಂದರೆ ಅದನ್ನು ನೋಡಿಕೊಳ್ಳುವ ಒಬ್ಬ ಜವಾಬ್ದಾರ ವ್ಯಕ್ತಿ ಬೇಕು, ವಿಭಾಗಗಳ ನಡುವೆ ಮಾತುಕತೆ ಬೇಕು. ತಂತ್ರಾಂಶ ಅದನ್ನು ಮಾಡಿಕೊಡದು.

ದಿನಾಂಕದ ವಿಷಯದಲ್ಲಿ ನಮ್ಮ ದೇಶದವರಿಗೆ ಒಂದು ಮಾತು. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮಾಡೆಲ್‌ನಲ್ಲಿ ಹಣಕಾಸು ವರ್ಷವನ್ನು ಚಾಲನೆ ಮಾಡಿ, ಯಾವ ತಿಂಗಳಿಂದ ಶುರು, ವರ್ಷಕ್ಕೆ ಆರಂಭದ ಇಸವಿಯ ಹೆಸರೋ ಕೊನೆಯ ಇಸವಿಯ ಹೆಸರೋ ಎಂದು ಹೇಳುವ ಅವಕಾಶವಿದೆ. ಸಂಬಳದ ಮಾಡೆಲ್‌ನಲ್ಲಿ 2025 ಎಂದರೆ 2025ರ ಏಪ್ರಿಲ್‌ನಿಂದ, ಹಣಕಾಸಿನ ಮಾಡೆಲ್‌ನಲ್ಲಿ 2025 ಎಂದರೆ 2025ರ ಮಾರ್ಚ್‌ವರೆಗೆ ಎಂದಾಗಿದ್ದರೆ, ಬಳಕೆದಾರರು ಎರಡು ತೆರೆಗಳಲ್ಲಿ ಒಂದೇ ಹೆಸರಿನ ಎರಡು ಬೇರೆ ವರ್ಷಗಳನ್ನು ನೋಡುತ್ತಿರುತ್ತಾರೆ. ಸಂಬಂಧಪಟ್ಟ ಎಲ್ಲ ಮಾಡೆಲ್‌ಗಳಲ್ಲಿಯೂ ಈ ಆಯ್ಕೆ ಒಂದೇ ಇರಲಿ.

ಧನ-ಋಣ ಚಿಹ್ನೆಯೂ ಗಮನ ಕೇಳುತ್ತದೆ. ಖಾತೆಗೆ ಆದಾಯ, ಖರ್ಚು, ಆಸ್ತಿ, ಹೊಣೆಗಾರಿಕೆ ಎಂಬ ಬಗೆಗಳಿದ್ದು, ಆದಾಯ ಮತ್ತು ಹೊಣೆಗಾರಿಕೆಗಳ ಚಿಹ್ನೆಯನ್ನು ತೆರೆಯ ಮೇಲೆ ತಿರುಗಿಸಿ ತೋರಿಸಲಾಗುತ್ತದೆ, ಒಳಗೆ ಉಳಿದಿರುವುದು ಬೇರೆಯೇ. ಮಾರಾಟದ ಮಾಡೆಲ್‌ನಲ್ಲಿ ಬಗೆಯನ್ನೇ ಕೊಡದ ಖಾತೆಯಿಂದ ಹಣಕಾಸಿನ ಆದಾಯದ ಖಾತೆಗೆ ಅಂಕಿ ಸಾಗಿಸುವಾಗ, ಆಚೆ ಕಡೆ ಅದು ಯಾವ ಚಿಹ್ನೆಯೊಂದಿಗೆ ಕಾಣುತ್ತದೆ ಎಂದು ಒಂದೇ ಒಂದು ತಿಂಗಳಿಗೆ ಪರೀಕ್ಷಿಸಿ ನೋಡದೆ ಮುಂದುವರಿಯಬಾರದು. ಅಡ್ವಾನ್ಸ್ಡ್ ಫಾರ್ಮುಲಾದಲ್ಲಿ ಖಾತೆಯ ಬಗೆಗೆ ತಕ್ಕಂತೆ ಚಿಹ್ನೆ ತಿರುಗಿಸಬೇಕೆಂದು ಹೇಳುವ ಒಂದು ಸಾಲಿನ ಸೂಚನೆಯೇ ಇದೆ. ಹೀಗೊಂದು ಸೂಚನೆ ಬೇಕಾಯಿತೆಂಬುದೇ ವಿಷಯದ ಸೂಕ್ಷ್ಮವನ್ನು ಹೇಳುತ್ತದೆ.

ಅಡ್ವಾನ್ಸ್ಡ್ ಫಾರ್ಮುಲಾದ ಮಾತು ಬಂದದ್ದರಿಂದ, ಎರಡರಲ್ಲಿ ಯಾವುದನ್ನು ಯಾವಾಗ ಬಳಸಬೇಕೆಂಬುದನ್ನೂ ಹೇಳಿಬಿಡುತ್ತೇನೆ. ಆ ಭಾಷೆಯಲ್ಲಿ ಲಿಂಕ್ ಎಂಬ ಫಂಕ್ಷನ್ ಇದೆ. ಇನ್ನೊಂದು ಮಾಡೆಲ್‌ನ ಅಂಕಿಯನ್ನು ಓದಿ, ಅದರ ಮೇಲೆ ಗುಣಾಕಾರ-ಭಾಗಾಕಾರ ಮಾಡಿ, ಷರತ್ತು ಹಾಕಿ ಈ ಮಾಡೆಲ್‌ನಲ್ಲಿ ಬರೆಯಲು ಅದರಿಂದ ಸಾಧ್ಯ. ದರಗಳನ್ನೆಲ್ಲ ಒಂದು ಮಾಡೆಲ್‌ನಲ್ಲಿಟ್ಟು, ಪ್ರಮಾಣಗಳನ್ನು ಇನ್ನೊಂದರಲ್ಲಿಟ್ಟು, ಎರಡನ್ನೂ ಗುಣಿಸಿ ಆದಾಯ ತೆಗೆಯಬೇಕಾದರೆ ಲಿಂಕ್‌ಗಿಂತ ಸರಿಯಾದ ದಾರಿಯಿಲ್ಲ. ಅಂಕಿಯನ್ನು ಇದ್ದಂತೆಯೇ ಸಾಗಿಸುವುದಷ್ಟೇ ಕೆಲಸವಾದರೆ ಕ್ರಾಸ್-ಮಾಡೆಲ್ ಕಾಪಿಯೇ ಮೇಲು. ಅದರ ಮ್ಯಾಪಿಂಗ್ ತೆರೆಯನ್ನು ಲೆಕ್ಕಪತ್ರ ಓದಿದ ಯಾರಾದರೂ ನೋಡಿ ಅರ್ಥ ಮಾಡಿಕೊಳ್ಳಬಲ್ಲರು, ಸರಿ-ತಪ್ಪು ಹೇಳಬಲ್ಲರು. ಫಾರ್ಮುಲಾ ಬರೆದವರು ಕೆಲಸ ಬಿಟ್ಟು ಹೋದ ಮೇಲೆ ಆ ನಲವತ್ತು ಸಾಲುಗಳನ್ನು ಮುಟ್ಟಲು ಹೆದರುವ ತಂಡಗಳು ಕಡಿಮೆಯಿಲ್ಲ. ಕೈಚಳಕ ತೋರಿಸಲು ಎಲ್ಲವನ್ನೂ ಫಾರ್ಮುಲಾದಲ್ಲಿ ಬರೆಯುವ ಸಲಹೆಗಾರರ ಚಾಳಿಯನ್ನು ನಾನು ಒಪ್ಪುವುದಿಲ್ಲ.

ಹಳೆಯ ತಲೆಮಾರಿನವರಿಗೆ ಈ ಅಂತರ ಚೆನ್ನಾಗಿ ಗೊತ್ತಿರುತ್ತದೆ. 2007ರಲ್ಲಿ ಎಸ್‌ಎಪಿ ಔಟ್‌ಲುಕ್‌ಸಾಫ್ಟ್ ಎಂಬ ಕಂಪನಿಯನ್ನು ಕೊಂಡಾಗ ಅದರ ಜೊತೆಗೆ ಬಂದ ತಂತ್ರಾಂಶವೇ ಮುಂದೆ ಬಿಪಿಸಿ (ಬಿಸಿನೆಸ್ ಪ್ಲಾನಿಂಗ್ ಅಂಡ್ ಕನ್ಸಾಲಿಡೇಷನ್) ಎಂದು ಹೆಸರಾಯಿತು. ಅಲ್ಲಿ ಒಂದು ಮಾಡೆಲ್‌ನಿಂದ ಇನ್ನೊಂದಕ್ಕೆ ಅಂಕಿ ಕಳಿಸಲು ಸ್ಕ್ರಿಪ್ಟ್ ಲಾಜಿಕ್ ಎಂಬ ಅದರ ಭಾಷೆಯಲ್ಲಿ ಡೆಸ್ಟಿನೇಷನ್ ಆ್ಯಪ್ ಎಂದು ಬರೆದು, ಬೇಡದ ಡೈಮೆನ್ಷನ್ ಬಿಡಲು ಒಂದು ಸಾಲು, ಹೊಸದು ಸೇರಿಸಲು ಒಂದು ಸಾಲು, ಹೆಸರು ಬದಲಿಸಲು ಮತ್ತೊಂದು ಸಾಲು ಬರೆಯಬೇಕಿತ್ತು. ತಳ್ಳುವ ದಿಕ್ಕು ಮೂಲದಿಂದ ಗುರಿಗೆ ಇತ್ತು. ಅದೇ ವಿಚಾರಗಳು ಈಗ ತೆರೆಯ ಮೇಲಿನ ಮ್ಯಾಪಿಂಗ್ ಆಗಿ, ದಿಕ್ಕು ತಿರುಗಿಸಿಕೊಂಡು ಬಂದಿವೆ. ಇತರ ಕಂಪನಿಗಳ ತಂತ್ರಾಂಶಗಳಲ್ಲೂ ಇದಕ್ಕೆ ಸಮನಾದ ಸೌಲಭ್ಯಗಳಿವೆ: ಒರಾಕಲ್‌ನಲ್ಲಿ ಡೇಟಾ ಮ್ಯಾಪ್ ಮತ್ತು ಸ್ಮಾರ್ಟ್ ಪುಶ್, ಅನಾಪ್ಲಾನ್‌ನಲ್ಲಿ ಮಾಡೆಲ್‌ನಿಂದ ಮಾಡೆಲ್‌ಗೆ ಇಂಪೋರ್ಟ್. ಸ್ಮಾರ್ಟ್ ಪುಶ್‌ನಲ್ಲಿ ಫಾರಂ ಉಳಿಸಿದ ಕೂಡಲೇ ಅಂಕಿ ಇನ್ನೊಂದು ಕಡೆ ಹೋಗುವಂತೆ ಮಾಡಬಹುದು. ಆ ವೇಗ ಆಕರ್ಷಕವೇ, ಆದರೂ ಪರಿಶೀಲಿಸಿದ ಮೇಲೆ ಮಾತ್ರ ಅಂಕಿ ದಾಟಬೇಕೆನ್ನುವ ಹಣಕಾಸಿನ ಶಿಸ್ತಿಗೆ ಇಲ್ಲಿನ ನಿಧಾನವೇ ಹೆಚ್ಚು ಒಪ್ಪುತ್ತದೆ.

ಆ ನಿಧಾನಕ್ಕೆ ಕಾರಣ ವರ್ಷನ್‌ಗಳ (ಒಂದೇ ಯೋಜನೆಯ ಬೇರೆ ಬೇರೆ ಪ್ರತಿಗಳ) ವ್ಯವಸ್ಥೆ. ಯೋಜನೆ ತಯಾರಿಸುವವರು ತಮ್ಮ ಖಾಸಗಿ ವರ್ಷನ್‌ನಲ್ಲಿ ಕೆಲಸ ಮಾಡುತ್ತಿರುವಾಗ ಅದು ಬೇರೆಯವರಿಗೆ ಕಾಣುವುದಿಲ್ಲ. ಪಬ್ಲಿಶ್ ಮಾಡಿದಾಗಲೇ ಸಾರ್ವಜನಿಕ ವರ್ಷನ್‌ಗೆ ಸೇರುತ್ತದೆ. ಮಾನವ ಸಂಪನ್ಮೂಲದವರು ಸಂಬಳ ಪರಿಷ್ಕರಿಸಿ, ಪಬ್ಲಿಶ್ ಮಾಡದೆ ಊಟಕ್ಕೆ ಎದ್ದುಹೋದರೆ, ಆ ಹೊತ್ತಿನಲ್ಲಿ ಸಾರ್ವಜನಿಕ ವರ್ಷನ್‌ನಿಂದ ಕಾಪಿ ಮಾಡಿಕೊಂಡ ಹಣಕಾಸಿನವರಿಗೆ ಹಳೆಯ ಅಂಕಿಯೇ ಸಿಗುತ್ತದೆ. ಹಾಗೆಯೇ ಗುರಿಯ ಕಡೆ ಡೇಟಾ ಆಕ್ಷನ್ ಓಡಿದ ಮೇಲೂ ಅದನ್ನು ಪಬ್ಲಿಶ್ ಮಾಡುವವರೆಗೆ ಫಲಿತಾಂಶ ಎಲ್ಲರಿಗೂ ಕಾಣುವುದಿಲ್ಲ. ಓಡಿದ ಕೂಡಲೇ ತಾನಾಗಿ ಪಬ್ಲಿಶ್ ಆಗುವಂತೆಯೂ ಮಾಡಬಹುದು. ಮಲ್ಟಿ ಆಕ್ಷನ್ ಎಂಬ ಮತ್ತೊಂದು ಸೌಲಭ್ಯದಲ್ಲಿ ಹಲವು ಮಾಡೆಲ್‌ಗಳ ಡೇಟಾ ಆಕ್ಷನ್‌ಗಳನ್ನೂ ಪಬ್ಲಿಶ್ ಮಾಡುವ ಹಂತಗಳನ್ನೂ ಸರದಿಯಲ್ಲಿ ಜೋಡಿಸಬಹುದು: ಮೊದಲು ಮೂಲವನ್ನು ಪಬ್ಲಿಶ್ ಮಾಡಿ, ನಂತರ ಕಾಪಿ ಓಡಿಸಿ, ಕೊನೆಗೆ ಗುರಿಯನ್ನು ಪಬ್ಲಿಶ್ ಮಾಡುವಂತೆ. ಮೂರು ನಾಲ್ಕು ಮಾಡೆಲ್‌ಗಳಿರುವ ಯಾವುದೇ ಕಂಪನಿ ಇದನ್ನು ಬಳಸದಿರುವುದು ಸರಿಯಲ್ಲ.

ಅನುಮತಿಗಳ ವಿಷಯ ಇನ್ನೂ ಸೂಕ್ಷ್ಮ. ಡೇಟಾ ಆಕ್ಷನ್ ಓಡಿಸುವವರಿಗೆ ಮೂಲವನ್ನು ಓದುವ ಅನುಮತಿ, ಗುರಿಯಲ್ಲಿ ಬರೆಯುವ ಅನುಮತಿ ಎರಡೂ ಬೇಕು, ಅವರ ಮೇಲಿರುವ ನಿರ್ಬಂಧಗಳು ಕಾಪಿಗೂ ಅನ್ವಯಿಸುತ್ತವೆ. ಎರಡೇ ಕಾಸ್ಟ್ ಸೆಂಟರ್ ನೋಡಬಲ್ಲ ವ್ಯವಸ್ಥಾಪಕ ಓಡಿಸಿದರೆ ಎರಡರ ಅಂಕಿ ಮಾತ್ರ ದಾಟುತ್ತದೆ. ಇದು ನ್ಯಾಯವಾದ ನಡವಳಿಕೆ. ಆದರೆ ಮೇಲೆ ಹೇಳಿದ ಗೋಪ್ಯತೆಯ ಕಾರಣಕ್ಕೆ ಸಂಬಳದ ಮಾಡೆಲ್ ನೋಡಬಾರದ ಹಣಕಾಸಿನ ಅಧಿಕಾರಿಗೆ ಅದರ ಮೊತ್ತ ಮಾತ್ರ ಬೇಕಾದಾಗ ಏನು ಮಾಡಬೇಕು? ಎರಡೂ ಕಡೆಯ ಅನುಮತಿ ಇರುವ ಒಬ್ಬರ ಹೆಸರಿನಲ್ಲಿ ಕ್ಯಾಲೆಂಡರ್ ಮೂಲಕ ನಿಗದಿತ ಸಮಯಕ್ಕೆ ಓಡುವಂತೆ ಮಾಡುವುದೇ ಸರಿಯಾದ ದಾರಿ. ಅವಸರಕ್ಕೆಂದು ಹಣಕಾಸಿನವರಿಗೆ ಸಂಬಳದ ಮಾಡೆಲ್ ತೆರೆದುಕೊಟ್ಟರೆ ಮಾಡೆಲ್‌ಗಳನ್ನು ಬೇರೆ ಇಟ್ಟ ಉದ್ದೇಶವೇ ಹಾಳು. ಇನ್ನು, ಮುಗಿದ ತಿಂಗಳುಗಳ ಅಂಕಿ ಮತ್ತೆ ಬದಲಾಗದಂತೆ ಗುರಿಯಲ್ಲಿ ಡೇಟಾ ಲಾಕ್ ಹಾಕಿಟ್ಟುಕೊಳ್ಳುವ ಸೌಲಭ್ಯವಿದೆ. ತಡವಾಗಿ ಓಡಿದ ಕಾಪಿಯಿಂದ ಏಪ್ರಿಲ್‌ನ ಅಂಕಿ ಕದಲದಂತೆ ಕಾಪಾಡಲು ಅದು ಸಾಕು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೆ, ಕೊರತೆಯೆಂದು ನನಗೆ ಕಾಣುವುದು ತಾಳೆ ನೋಡುವ ವ್ಯವಸ್ಥೆ. ಕಾಪಿ ಮುಗಿದಾಗ ಯಶಸ್ವಿಯಾಯಿತೆಂಬ ಸೂಚನೆ ಬರುತ್ತದೆ. ಹಂತ ಹಂತವಾಗಿ ಏನಾಯಿತೆಂದು ನೋಡಲು ಟ್ರೇಸಿಂಗ್ ಇದೆ, ಫಾರ್ಮುಲಾ ಬರೆಯುವವರಿಗೆ ಅದರಿಂದ ತುಂಬ ಉಪಯೋಗವೂ ಇದೆ. ಆದರೆ ಮೂಲದಲ್ಲಿ ಒಟ್ಟು ಇಷ್ಟಿತ್ತು, ಗುರಿಗೆ ಇಷ್ಟು ಬಂತು, ವ್ಯತ್ಯಾಸ ಇಷ್ಟು, ಅದಕ್ಕೆ ಕಾರಣ ಈ ಸದಸ್ಯಗಳು ಎಂದು ಅಕ್ಕಪಕ್ಕ ಇಟ್ಟು ತೋರಿಸುವ ಒಂದು ಪುಟ ಆ ಸೂಚನೆಯ ಜೊತೆಗೆ ಇಲ್ಲ. ಲೆಕ್ಕ ಇಡುವವನಿಗೆ ಯಶಸ್ಸು ಎಂದರೆ ಮೊತ್ತ ಹೊಂದುವುದು, ಕೆಲಸ ಓಡಿ ನಿಲ್ಲುವುದಲ್ಲ.

ಈ ಪುಟವನ್ನು ನಾವೇ ಕಟ್ಟಿಕೊಳ್ಳಬೇಕಾಗುತ್ತದೆ. ಕಷ್ಟವೇನಿಲ್ಲ. ಒಂದು ಸ್ಟೋರಿಯಲ್ಲಿ, ಅಂದರೆ ಈ ತಂತ್ರಾಂಶದ ವರದಿ ಪುಟದಲ್ಲಿ, ಎರಡೂ ಮಾಡೆಲ್‌ಗಳನ್ನು ಹಂಚಿಕೊಂಡ ಡೈಮೆನ್ಷನ್‌ಗಳ ಮೂಲಕ ಜೋಡಿಸಿ, ಕಾಸ್ಟ್ ಸೆಂಟರ್‌ವಾರು ಮೂಲದ ಮೊತ್ತ, ಗುರಿಯಲ್ಲಿ ಸಂಬಳದ ಮಾಡೆಲ್‌ನಿಂದ ಬಂದದ್ದೆಂಬ ಸದಸ್ಯದ ಮೊತ್ತ, ಎರಡರ ವ್ಯತ್ಯಾಸ ಎಂಬ ಮೂರು ಕಾಲಂಗಳ ಒಂದು ಕೋಷ್ಟಕ ಮಾಡಿದರೆ ಸಾಕು. ದತ್ತಾಂಶದ ಮೂಲದ ಡೈಮೆನ್ಷನ್ ಇಲ್ಲದ ಮಾಡೆಲ್‌ನಲ್ಲಿ ಈ ಕೋಷ್ಟಕ ಮಾಡಲಾಗದು, ಏಕೆಂದರೆ ಕೈಯಿಂದ ತುಂಬಿದ ಅಂಕಿಯೂ ಕಾಪಿಯಾಗಿ ಬಂದ ಅಂಕಿಯೂ ಒಂದರಲ್ಲೊಂದು ಬೆರೆತುಹೋಗಿರುತ್ತವೆ. ಆ ಡೈಮೆನ್ಷನ್‌ಗೆ ಇಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿಯೇ. ಸಂಬಳದ ಮಾಡೆಲ್ ನೋಡಬಲ್ಲವರು ಮಾತ್ರ ಈ ಕೋಷ್ಟಕವನ್ನು ಪೂರ್ತಿ ನೋಡಬಲ್ಲರು, ಆದ್ದರಿಂದ ತಾಳೆ ನೋಡಿ ಸಹಿ ಹಾಕುವ ಹೊಣೆಯೂ ಅವರದೇ ಆಗಿರಲಿ.

ಇನ್ನು ಕೆಲವೊಮ್ಮೆ ಕಾಪಿ ಮಾಡದಿರುವುದೇ ಲೇಸು. ಎರಡು ಮಾಡೆಲ್‌ಗಳ ಅಂಕಿಯನ್ನು ಒಂದೇ ವರದಿಯಲ್ಲಿ ಓದಿದರೆ ಸಾಕು, ಅವುಗಳ ಮೇಲೆ ಮುಂದೆ ಲೆಕ್ಕ ಕಟ್ಟುವುದಿಲ್ಲ ಎಂದಾದರೆ, ಸ್ಟೋರಿಯಲ್ಲಿ ಜೋಡಿಸಿ ತೋರಿಸಿದರಾಯಿತು, ಅಂಕಿಯ ಇನ್ನೊಂದು ಪ್ರತಿ ಹುಟ್ಟಿಸಬೇಕಾಗಿಲ್ಲ. ಪ್ರತಿ ಹುಟ್ಟಿದ ಕ್ಷಣದಿಂದ ಅದು ಮೂಲಕ್ಕಿಂತ ಹಳೆಯದಾಗತೊಡಗುತ್ತದೆ. ಆದ್ದರಿಂದ ಒಂದು ಕಾಪಿಯ ಬೇಡಿಕೆ ಬಂದಾಗಲೆಲ್ಲ, ಈ ಅಂಕಿಯ ಮೇಲೆ ಗುರಿ ಮಾಡೆಲ್‌ನಲ್ಲಿ ಏನು ಲೆಕ್ಕ ಮಾಡುತ್ತೀರಿ ಎಂದು ಕೇಳುವುದು ಒಳ್ಳೆಯದು. ಉತ್ತರ ಸಿಗದಿದ್ದರೆ ಕಾಪಿ ಬೇಡ. ಸಿಕ್ಕರೂ, ಆ ಲೆಕ್ಕಕ್ಕೆ ತಕ್ಕಷ್ಟು ವಿವರ ಮಾತ್ರ ದಾಟಲಿ. ದಿನವಾರು ಮಾರಾಟವನ್ನು ತಿಂಗಳ ಲಾಭ-ನಷ್ಟ ಪಟ್ಟಿಗೆ ತರುವಾಗ ತಿಂಗಳ ಮೊತ್ತವೊಂದೇ ಸಾಕು.

ಪರವಾನಗಿಯ ಲೆಕ್ಕವನ್ನೂ ಕೊಳ್ಳುವವರು ಮೊದಲೇ ಹಾಕಿಕೊಳ್ಳಬೇಕು. ಮಾಡೆಲ್ ಕಟ್ಟಲು, ಡೇಟಾ ಆಕ್ಷನ್ ರಚಿಸಲು ಪ್ಲಾನಿಂಗ್ ಪ್ರೊಫೆಷನಲ್ ಪರವಾನಗಿ ಬೇಕು. ಅಂಕಿ ತುಂಬಿ, ಸಿದ್ಧವಾದ ಡೇಟಾ ಆಕ್ಷನ್ ಓಡಿಸುವವರಿಗೆ ಪ್ಲಾನಿಂಗ್ ಸ್ಟ್ಯಾಂಡರ್ಡ್ ಸಾಕು. ಹಣಕಾಸು ವಿಭಾಗದಲ್ಲಿ ಕನಿಷ್ಠ ಇಬ್ಬರಿಗಾದರೂ ಮೊದಲನೆಯದನ್ನು ಕೊಡಿಸಿ, ಮ್ಯಾಪಿಂಗ್ ಬದಲಿಸುವುದನ್ನು ಅವರಿಗೇ ಕಲಿಸಿದರೆ ಈ ಸೌಲಭ್ಯದ ಪೂರ್ತಿ ಪ್ರಯೋಜನ ಸಿಗುತ್ತದೆ. ಹೊಸ ಖಾತೆ ಸೇರಿದಾಗಲೆಲ್ಲ ಹೊರಗಿನ ಸಲಹೆಗಾರನಿಗೆ ಫೋನ್ ಮಾಡುವ ಕಂಪನಿಗೆ ಕ್ರಾಸ್-ಮಾಡೆಲ್ ಕಾಪಿಯೂ ಒಂದೇ, ಹಳೆಯ ಸ್ಕ್ರಿಪ್ಟೂ ಒಂದೇ. ಎಸ್‌ಎಪಿಯ ಲೆಕ್ಕಪತ್ರ ವ್ಯವಸ್ಥೆಯನ್ನು ಈಗಾಗಲೇ ಬಳಸುತ್ತಿದ್ದು, ಮೂರು ಅಥವಾ ಹೆಚ್ಚು ವಿಭಾಗಗಳ ಯೋಜನೆಯನ್ನು ಒಟ್ಟುಗೂಡಿಸಬೇಕಾದ ಕಂಪನಿಗಳಿಗೆ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಒಂದೇ ವಿಭಾಗದಲ್ಲಿ ನಾಲ್ಕಾರು ಜನ ಕೂತು ಬಜೆಟ್ ಮುಗಿಸುವ ಸಣ್ಣ ಸಂಸ್ಥೆಗೆ ಒಂದೇ ಮಾಡೆಲ್ ಸಾಕು, ಅವರು ಈ ಸೌಲಭ್ಯವನ್ನು ನೋಡಿ ತಂತ್ರಾಂಶ ಕೊಳ್ಳುವ ಅಗತ್ಯವಿಲ್ಲ.